ಹಾಲಿನ ಬಣ್ಣಕ್ಕೆ ತಿರುಗಿದ ಎಣ್ಣೆ

ಹಳೆಯ ದೋಣಿಯ ಸ್ಟರ್ನ್‌ಡ್ರೈವಿನಿಂದ ಇಳಿಸಿದ ಗೇರ್ ಎಣ್ಣೆಯು ಹಾಲು ಬೆರೆಸಿದಂತೆ ಬೆಳ್ಳಗೆ ಕಂಡರೆ ಒಳಗೆ ನೀರು ಸೇರಿದೆಯೆಂದೇ ತಿಳಿಯಬೇಕು. ಸ್ವೀಡನ್ನಿನ ವೋಲ್ವೋ ಪೆಂಟಾ ಸಂಸ್ಥೆಯು 1959ರಲ್ಲಿ ಮಾರುಕಟ್ಟೆಗೆ ತಂದ ಈ ವ್ಯವಸ್ಥೆಯಲ್ಲಿ ಇಂಜಿನ್ ದೋಣಿಯ ಒಳಗಿದ್ದರೆ, ಪ್ರೊಪೆಲ್ಲರೂ ಅದನ್ನು ತಿರುಗಿಸುವ ಗೇರುಗಳೂ ಹಿಂಬದಿಯಲ್ಲಿ ನೀರಿನೊಳಗಿರುತ್ತವೆ. ತಿರುಗುವ ಶಾಫ್ಟಿನ ಸುತ್ತ ಎಣ್ಣೆಗೂ ನೀರಿಗೂ ನಡುವೆ ಕಾವಲಿರುವುದು ರಬ್ಬರಿನ ಸೀಲು. ಅದರ ಬೆಲೆ ಅಲ್ಪ. ಅಲಕ್ಷಿಸಿದರೆ ಬೇರಿಂಗು, ಗೇರುಗಳಿಗೆ ತುಕ್ಕು ಹಿಡಿದು, ಮನೆಮಂದಿಯೆಲ್ಲ ಕುಳಿತಿರುವಾಗಲೇ ದೋಣಿ ದಡದಿಂದ ದೂರ ನಿಂತುಬಿಡಬಹುದು.

ಆದರೆ ಹೊಸ ಸೀಲನ್ನು ಕೂರಿಸಿದ ಮಾತ್ರಕ್ಕೆ ಸೋರಿಕೆ ನಿಲ್ಲುವುದೆಂಬ ಭರವಸೆ ಬೇಡ. ವರ್ಷಗಟ್ಟಲೆ ಉಜ್ಜಿದ ಹಳೆಯ ಸೀಲಿನ ಅಂಚು ಶಾಫ್ಟಿನ ಮೇಲೆ ಗೆರೆ ಕೊರೆದಿರುತ್ತದೆ. ಅಲ್ಲಿ ಉಗುರಾಡಿಸಿ ನೋಡಿ. ಉಗುರು ಸಿಕ್ಕಿಕೊಂಡರೆ ಹೊಸತೂ ಸೋರೀತು. ಶಾಫ್ಟಿಗೆ ತೆಳುವಾದ ಉಕ್ಕಿನ ಸ್ಲೀವ್ ತೊಡಿಸಬೇಕು, ಇಲ್ಲವೇ ಶಾಫ್ಟನ್ನೇ ಬದಲಿಸಬೇಕು. ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡ ಗಾಳದ ನೈಲಾನ್ ದಾರ ಸೀಲನ್ನು ಕತ್ತರಿಸುವುದೂ ಉಂಟು. ಬೈಗುಳವೇನೋ ಪಾಪ, ಸೀಲಿಗೇ!

ಜೋಡಿ ಸೀಲುಗಳಿದ್ದಲ್ಲಿ ಸಾಮಾನ್ಯವಾಗಿ ಒಂದರ ಅಂಚು ಎಣ್ಣೆಯ ಕಡೆಗೂ ಇನ್ನೊಂದರದು ನೀರಿನ ಕಡೆಗೂ ಇರುತ್ತದೆ. ಬಿಚ್ಚುವಾಗಲೇ ಇದನ್ನು ಗುರುತಿಸಿಕೊಳ್ಳುವುದು ಕ್ಷೇಮ. ಗಾಳಿ ಸಿಲುಕದಂತೆ ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದಲೇ ತುಂಬಿಸಿ, ಕೆಲವು ಗಂಟೆ ಓಡಿಸಿದ ಬಳಿಕ ಅದರ ಬಣ್ಣವನ್ನು ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.