ಉಜ್ಜಬೇಡಿ, ಇದ್ದ ಹಾಗೇ ಇರಲಿ

ಟಿಪ್ಪು ಸುಲ್ತಾನನ ಕಾಲದ ತಾಮ್ರದ ಪೈಸೆಯೊಂದನ್ನು ಅಂಗೈಯಲ್ಲಿಟ್ಟುಕೊಂಡರೆ ಮೊದಲು ಅರಿವಿಗೆ ಬರುವುದು ಅದರ ತೂಕ. ಸುಮಾರು 11 ಗ್ರಾಂ. ನಮ್ಮ ಜೇಬಿನಲ್ಲಿರುವ ಹತ್ತು ರೂಪಾಯಿ ನಾಣ್ಯಕ್ಕಿಂತ ಹೆಚ್ಚೇ ಭಾರ. ಒಂದು ಮಗ್ಗುಲಲ್ಲಿ ಆನೆ ನಿಂತಿದೆ. ಕೆಲವು ನಾಣ್ಯಗಳಲ್ಲಿ ಅದರ ಮುಖ ಎಡಕ್ಕೆ, ಕೆಲವುಗಳಲ್ಲಿ ಬಲಕ್ಕೆ. ಮಸೂರ ಹಿಡಿದು ನೋಡಿದರೆ ಆನೆಯ ಕಿವಿ, ದಂತ, ಎತ್ತಿದ ಬಾಲ ಎಲ್ಲವೂ ಕಾಣುತ್ತವೆ. ಅಚ್ಚು ಕೊರೆದವನು ಆನೆಯನ್ನು ದಿನಾ ಕಂಡವನೇ ಇರಬೇಕು ಅನ್ನಿಸುತ್ತದೆ. ಇನ್ನೊಂದು ಮಗ್ಗುಲಲ್ಲಿ ಪಾರ್ಸಿ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣ ಅಲ್ಲಿ ಬರೀ 'ಪಟ್ಟನ್'. ಬಿದನೂರು 'ನಗರ್'. ಚಿತ್ರದುರ್ಗಕ್ಕೆ 'ಫರ್ರುಖ್‌ಯಾಬ್ ಹಿಸಾರ್' ಎಂಬ ಹೊಸ ಹೆಸರು, ಧಾರವಾಡಕ್ಕೆ 'ಖುರ್ಷಿದ್ ಸವಾದ್'.

ಇಸವಿ ಓದಲು ಹೋದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. 1787ರ ಸುಮಾರಿಗೆ ಟಿಪ್ಪು ಹಿಜರಿ ಶಕೆಯನ್ನು ಬಿಟ್ಟು, ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ ನಾಣ್ಯದ ಮೇಲೆ 5121 ಎಂದು ಕಂಡರೆ ಅದನ್ನು 1215 ಎಂದು ಓದಬೇಕು, ಅಂದರೆ ನಮ್ಮ ಲೆಕ್ಕದ 1787. 6221 ಎಂದಿದ್ದರೆ ಅದು 1798ರ ಆಸುಪಾಸಿನದು, ಶ್ರೀರಂಗಪಟ್ಟಣ ಬೀಳುವ ಮುಂಚಿನ ವರ್ಷದ್ದು.

ಹೆಸರುಗಳ ವಿಷಯದಲ್ಲೂ ಆತನದು ಒಂದು ಕ್ರಮ. ಚಿನ್ನದ ನಾಣ್ಯಗಳಿಗೆ ಪ್ರವಾದಿ ಮತ್ತು ಖಲೀಫರ ನೆನಪಿನಲ್ಲಿ ಅಹ್ಮದಿ, ಸಿದ್ದೀಕಿ, ಫಾರೂಕಿ. ಬೆಳ್ಳಿಯವುಗಳಲ್ಲಿ ಎರಡು ರೂಪಾಯಿಯದು ಹೈದರಿ, ಒಂದು ರೂಪಾಯಿಯದು ಇಮಾಮಿ. ಅದಕ್ಕಿಂತ ಸಣ್ಣವಕ್ಕೆ ಇಮಾಮರ ಹೆಸರಿನಿಂದ ಬಂದ ಆಬಿದಿ, ಬಾಕಿರಿ, ಜಾಫರಿ, ಕಾಜಿಮಿ. ತಾಮ್ರಕ್ಕೆ ಬಂದರೆ ಆಕಾಶವೇ ಇಳಿದುಬರುತ್ತದೆ: ಎರಡು ಪೈಸೆಗೆ ಮುಶ್ತರಿ ಎಂದರೆ ಗುರುಗ್ರಹ, ಪೈಸೆಗೆ ಜೊಹ್ರಾ ಎಂದರೆ ಶುಕ್ರ, ಅರ್ಧಕ್ಕೆ ಬಹ್ರಾಮ್ ಎಂದರೆ ಮಂಗಳ, ಕಾಲಿಗೆ ಅಖ್ತರ್ ಎಂದರೆ ನಕ್ಷತ್ರ, ಅರೆಕಾಲಿಗೆ ಕುತ್ಬ್ ಎಂದರೆ ಧ್ರುವ. ಇಷ್ಟೆಲ್ಲ ಹೆಸರಿಟ್ಟವನು ತನ್ನ ಹೆಸರನ್ನು ಮಾತ್ರ ಯಾವ ನಾಣ್ಯದ ಮೇಲೂ ಹಾಕಿಸಲಿಲ್ಲ.

ಇದೆಲ್ಲ ಇವತ್ತು ನಮಗೆ ಗೊತ್ತಿರುವುದು ನಾಣ್ಯದ ಮೇಲಿನ ಗೆರೆಗಳು ಉಳಿದಿರುವುದರಿಂದ. ಮದ್ರಾಸಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಜೆ.ಆರ್. ಹೆಂಡರ್ಸನ್ ಒಂದೊಂದೇ ನಾಣ್ಯವನ್ನು ತಿರುಗಿಸಿ ನೋಡಿ, ಇಸವಿ, ಟಂಕಸಾಲೆ, ಆನೆಯ ದಿಕ್ಕು ಎಲ್ಲವನ್ನೂ ಗುರುತು ಮಾಡಿ ಹೈದರ್–ಟಿಪ್ಪು ನಾಣ್ಯಗಳ ಬಗ್ಗೆ 1921ರಲ್ಲಿ ಪುಸ್ತಕ ತಂದರು. ಕನ್ನಡ ನೆಲದ ಎಲ್ಲ ನಾಣ್ಯಗಳನ್ನೂ ಒಂದೆಡೆ ತಂದು ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ಬರೆದರು. ಈ ಹವ್ಯಾಸಕ್ಕೆ ಇಳಿಯುವವರು ನಾಣ್ಯಕ್ಕೆ ದುಡ್ಡು ಹಾಕುವ ಮೊದಲು ಇಂಥ ಪುಸ್ತಕಕ್ಕೆ ಹಾಕಿದರೆ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ಪೈಸೆ ಹಳೆಯ ಮನೆಯ ಗಲ್ಲಾಪೆಟ್ಟಿಗೆಯಲ್ಲೋ ಅಟ್ಟದ ಮೇಲಿನ ಗಡಿಗೆಯಲ್ಲೋ ಸಿಕ್ಕಾಗ ಮನೆಯವರು ಮಾಡುವ ಮೊದಲ ಕೆಲಸ ಯಾವುದು? ಹುಣಸೆಹಣ್ಣು ಹಚ್ಚಿ ಉಜ್ಜುವುದು. ದೇವರ ತಾಮ್ರದ ಚೊಂಬಿಗೆ ಮಾಡುವ ಉಪಚಾರವನ್ನೇ ನಾಣ್ಯಕ್ಕೂ ಮಾಡಿ, ಸೀಗೆಪುಡಿಯೋ ಪಾತ್ರೆ ತೊಳೆಯುವ ಪುಡಿಯೋ ಹಾಕಿ ತಿಕ್ಕಿ, ಫಳಫಳ ಮಾಡಿ ತಂದು ತೋರಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಆ ಹೊತ್ತಿಗೆ ಆನೆಯ ಕಣ್ಣು ಹೋಗಿರುತ್ತದೆ, ಇಸವಿಯ ಕೊನೆಯ ಅಂಕಿ ಸವೆದಿರುತ್ತದೆ. ಇನ್ನೂರು ವರ್ಷಗಳಲ್ಲಿ ಗಾಳಿ, ಬೆವರು, ತೇವ ಸೇರಿ ತಾಮ್ರದ ಮೇಲೆ ಕಟ್ಟಿದ ಕಂದುಬಣ್ಣದ ತೆಳು ಪದರ ಕೊಳೆಯಲ್ಲ. ಒಳಗಿನ ಲೋಹವನ್ನು ಕಾಯುತ್ತಿರುವುದೇ ಅದು. ಹುಣಸೆಯ ಹುಳಿ ಅದನ್ನು ಕಿತ್ತು, ಕೆಳಗಿನ ಹಸಿ ತಾಮ್ರವನ್ನು ಹೊರಗೆ ತರುತ್ತದೆ. ಆ ಹೊಳಪು ಕೆಲವು ತಿಂಗಳಲ್ಲಿ ಮಂಕಾಗುತ್ತದೆ, ಕಳೆದುಹೋದ ಗೆರೆ ಮಾತ್ರ ವಾಪಸು ಬರುವುದಿಲ್ಲ. ಸಂಗ್ರಾಹಕರ ಪೈಕಿ ಯಾರನ್ನೇ ಕೇಳಿ, ಉಜ್ಜಿದ ನಾಣ್ಯಕ್ಕೆ ಅರ್ಧ ಬೆಲೆಯೂ ಹುಟ್ಟುವುದಿಲ್ಲ ಎನ್ನುತ್ತಾರೆ. ನಾನು ಬೆಲೆಗಿಂತ ಆ ಅಂಕಿಗಾಗಿ ಮರುಗುತ್ತೇನೆ.

ಕಂದು ಪದರ ಬೇರೆ, ಹಸಿರು ಪುಡಿಯಂತೆ ಉದುರುವ ಕಿಲುಬು ಬೇರೆ ಎಂಬುದನ್ನೂ ತಿಳಿದಿರಬೇಕು. ಕಿಲುಬು ತೇವಕ್ಕೆ ಹರಡುತ್ತಾ ಹೋಗುತ್ತದೆ. ಅಂಥ ನಾಣ್ಯವನ್ನು ಬೇರೆಯಾಗಿ, ಒಣಗಿದ ಜಾಗದಲ್ಲಿಟ್ಟು, ಬಲ್ಲವರಿಗೆ ತೋರಿಸಬೇಕು. ಹಿಡಿಯುವಾಗ ಅಂಚನ್ನು ಮಾತ್ರ ಹಿಡಿಯಬೇಕು. ಬೆರಳಿನ ಬೆವರೂ ಗುರುತು ಬಿಡುತ್ತದೆ.

ಮೇಲಿನ ಗುರುತು ಎಷ್ಟು ಮುಖ್ಯವೋ ಸಿಕ್ಕ ಜಾಗದ ಗುರುತೂ ಅಷ್ಟೇ ಮುಖ್ಯ. 1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ರೈಲು ಹಾದಿಗಾಗಿ ಮಣ್ಣು ಅಗೆಯುತ್ತಿದ್ದಾಗ ಒಂದು ಮಡಕೆ ತುಂಬ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅಗಸ್ಟಸ್, ಟೈಬೀರಿಯಸ್ ಮೊದಲಾದ ಚಕ್ರವರ್ತಿಗಳವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ಸಿಕ್ಕಿವೆ, ಶಾತವಾಹನರ ಕಾಲದ ಸೀಸದ ನಾಣ್ಯಗಳ ಜೊತೆಗೆ. ಎಂ.ಎಚ್. ಕೃಷ್ಣ ಅಲ್ಲಿ ಉತ್ಖನನ ಮಾಡಿದರು, 1947ರಲ್ಲಿ ಮಾರ್ಟಿಮರ್ ವೀಲರ್ ಮಾಡಿದರು. ರೋಮಿನ ಬೆಳ್ಳಿ ಕಡಲು ದಾಟಿ, ಘಟ್ಟ ಹತ್ತಿ ಬಯಲುಸೀಮೆಗೆ ಬಂದಿತ್ತು ಎಂದು ಇವತ್ತು ಧೈರ್ಯವಾಗಿ ಹೇಳಬಹುದಾದರೆ ಅದು ಯಾರೋ 'ಇಲ್ಲಿ ಸಿಕ್ಕಿತು' ಎಂದು ಬರೆದಿಟ್ಟದ್ದರಿಂದ. ಅದೇ ಟೈಬೀರಿಯಸನ ನಾಣ್ಯ ಯಾವ ಊರಿನದೆಂದು ಗೊತ್ತಿಲ್ಲದೆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕೂತಿದ್ದರೆ ಅದೊಂದು ಚೆಂದದ ಬೆಳ್ಳಿ ಬಿಲ್ಲೆ, ಅಷ್ಟೆ.

ಚಿನ್ನದ್ದಂತೂ ಇನ್ನೂ ಕಷ್ಟ. ಹೊಯ್ಸಳ ವಿಷ್ಣುವರ್ಧನ 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ ಮೇಲೆ ಹೊರಡಿಸಿದ ಚಿನ್ನದ ನಾಣ್ಯದಲ್ಲಿ ಒಂದು ಕಡೆ ಸಿಂಹ, ಅದರ ಬೆನ್ನ ಮೇಲೆ ಇನ್ನೊಂದು ಪುಟ್ಟ ಸಿಂಹ. ಇನ್ನೊಂದು ಕಡೆ ಹಳಗನ್ನಡ ಲಿಪಿಯಲ್ಲಿ ಮೂರು ಸಾಲು: 'ಶ್ರೀ ತಳಕಾಡುಗೊಂಡ'. ಒಂದು ಗೆಲುವಿನ ಸುದ್ದಿಯನ್ನು ಕನ್ನಡದಲ್ಲಿ ಚಿನ್ನದ ಮೇಲೆ ಒತ್ತಿ ಊರೂರಿಗೆ ಕಳಿಸಿದ ಕ್ರಮವಿದು. ಇಂಥವು ಎಷ್ಟು ಕುಡಿಕೆಗಳಲ್ಲಿ ಸಿಕ್ಕಿ, ಎಷ್ಟು ಮೂಸೆಗಳಲ್ಲಿ ಕರಗಿ ಬಳೆ, ಸರ ಆದವೋ. ವಿಜಯನಗರದ ವರಾಹಗಳ ಕಥೆಯೂ ಅದೇ. ಬೆಣ್ಣೆಯುಂಡೆ ಹಿಡಿದ ಬಾಲಕೃಷ್ಣನ ಕೃಷ್ಣದೇವರಾಯನ ವರಾಹ, ಗಂಡಭೇರುಂಡದ ಅಚ್ಯುತರಾಯನ ವರಾಹ, ಎಲ್ಲವೂ ಸುಮಾರು 3.4 ಗ್ರಾಂ ಚಿನ್ನ. ಕರಗಿಸುವವನಿಗೆ ಕಾಣುವುದು ಆ ತೂಕ ಮಾತ್ರ.

ಕರಗಿಸಿ ಕಳೆದದ್ದು ಒಂದು ಕಡೆ, ಇಲ್ಲದ್ದನ್ನು ಹುಟ್ಟಿಸಿ ಮಾರುವುದು ಇನ್ನೊಂದು ಕಡೆ. ರಾಮ, ಸೀತೆ, ಹನುಮಂತರ ಚಿತ್ರದ ಜೊತೆ 'ಈಸ್ಟ್ ಇಂಡಿಯಾ ಕಂಪನಿ 1818' ಎಂದು ಬರೆದ ತಾಮ್ರದ ಬಿಲ್ಲೆಗಳು ಜಾತ್ರೆಗಳಲ್ಲೂ ಮೊಬೈಲಿನಲ್ಲೂ ಓಡಾಡುತ್ತಿವೆ. ಕಂಪನಿ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ಇಂಥ ತಾಮ್ರಕ್ಕೆ ಅಕ್ಕಿ ಕಾಳು ಎಳೆಯುವ ಶಕ್ತಿಯಿದೆ ಎಂದು ನಂಬಿಸುವ 'ರೈಸ್ ಪುಲ್ಲಿಂಗ್' ಮೋಸಕ್ಕೆ ಸಿಕ್ಕಿ ನಮ್ಮ ರಾಜ್ಯದಲ್ಲೇ ಎಷ್ಟೋ ಮಂದಿ ದುಡ್ಡು ಕಳೆದುಕೊಂಡಿದ್ದಾರೆ. ಹಳೆಯ ನೋಟು, ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಇಷ್ಟು ಕಮಿಷನ್ ಕಟ್ಟಿ ಎನ್ನುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರಲ್ಲಿ ಸಾರ್ವಜನಿಕವಾಗಿ ಎಚ್ಚರಿಸಿದೆ. ತಾನು ಅಂಥ ವ್ಯವಹಾರ ಮಾಡುವುದಿಲ್ಲ, ತನ್ನ ಹೆಸರಿನಲ್ಲಿ ಕೇಳಿದರೆ ಕೊಡಬೇಡಿ ಎಂದು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸು ಇನ್ನೂ ಸಾಕಷ್ಟು ಮನೆಗಳಲ್ಲಿದೆ. 'ಮಯಿಲಿ ಕಾಸು ೨೦' ಎಂದು ಕನ್ನಡ ಅಕ್ಷರದಲ್ಲೇ ಇರುತ್ತದೆ, ಅಂಕಿಯೂ ಕನ್ನಡದ್ದೇ. ಶಾಲೆಯ ಮಗುವೂ ಓದಬಹುದಾದ ಚರಿತ್ರೆ. ಬೆಂಗಳೂರಿನ ಟಂಕಸಾಲೆ 1843ರಲ್ಲಿ ಮುಚ್ಚಿದ ಮೇಲೆ ಮೈಸೂರಿನ ಸ್ವಂತ ನಾಣ್ಯಗಳು ನಿಂತವು. ಕನ್ನಡ ಅಂಕಿ ಆಮೇಲೆ ಸಾರ್ವಜನಿಕವಾಗಿ ಎತ್ತರಕ್ಕೇರಿದ್ದು ಮೈಸೂರಿನ ದೊಡ್ಡ ಗಡಿಯಾರದಲ್ಲಿ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ 75 ಅಡಿಯ ಗೋಪುರ ಅದು. ಊರಿಗೆಲ್ಲ ಒಂದೇ ಗಡಿಯಾರ ಸಮಯ ಹೇಳುತ್ತಿದ್ದ ಕಾಲದ್ದು.

ಸಮಯ ಮಣಿಕಟ್ಟಿಗೆ ಬಂದದ್ದು ಜಾಲಹಳ್ಳಿಯಿಂದ. ಯಂತ್ರೋಪಕರಣ ತಯಾರಿಸಲೆಂದು 1953ರಲ್ಲಿ ಶುರುವಾದ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಕೈಗಡಿಯಾರದ ಕಾರ್ಖಾನೆ ತೆರೆಯಿತು. ಜನತಾ, ಪೈಲಟ್, ಜವಾನ್, ಸೋನಾ, ಕೊಹಿನೂರ್, ತಾನೇ ಕೀ ತುಂಬಿಕೊಳ್ಳುವ ಕಾಂಚನ್. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ಮದುವೆಯಲ್ಲಿ ಅಳಿಯನಿಗೆ, ನಿವೃತ್ತಿಯ ದಿನ ಹೆಡ್‌ಮಾಸ್ತರರಿಗೆ ಕೊಡುತ್ತಿದ್ದದ್ದು ಇದನ್ನೇ. ಅದಕ್ಕೇ ಹಳೆಯ ಎಚ್‌ಎಂಟಿಗಳ ಬೆನ್ನು ತಿರುಗಿಸಿದರೆ ಆಗಾಗ ಒಂದು ಹೆಸರು, ಒಂದು ತಾರೀಖು ಕೊರೆದಿರುತ್ತದೆ.

ಜನತಾ ಗಡಿಯಾರದ ಹಿಂಬದಿ ಬಿಚ್ಚಿ ತೋರಿಸಲು ರಿಪೇರಿಯವರನ್ನು ಒಮ್ಮೆ ಕೇಳಿ ನೋಡಿ. ಐ ಗ್ಲಾಸ್ ಕಣ್ಣಿಗೆ ಸಿಕ್ಕಿಸಿಕೊಂಡರೆ ಒಳಗೆ 0231 ಎಂಬ ಸಂಖ್ಯೆಯ ಯಂತ್ರ, ಕೆಂಪಗೆ ಮಿನುಗುವ ಹರಳುಗಳು. ಒಟ್ಟು 17. ತಿರುಗುವ ಅಚ್ಚುಗಳು ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯಗಳವು. ಕೂದಲೆಳೆಯಂಥ ಹೇರ್ ಸ್ಪ್ರಿಂಗ್ ಉಸಿರಾಡುವ ಹಾಗೆ ಬಿಚ್ಚಿ ಮುದುಡುತ್ತಿರುತ್ತದೆ, ಬ್ಯಾಲೆನ್ಸ್ ವೀಲ್ ಸೆಕೆಂಡಿಗೆ ಐದು ಸಲ ಹೊಯ್ದಾಡುತ್ತದೆ. ಗಂಟೆಗೆ 18,000. ಬ್ಯಾಟರಿ ಇಲ್ಲ. ಬೆಳಿಗ್ಗೆ ಕೀ ಕೊಟ್ಟವರ ಬೆರಳಿನ ಬಲದಲ್ಲೇ ಮರುದಿನದವರೆಗೆ ಓಡುತ್ತದೆ. ಕೆಲವು ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಒಣಗಿದ ಎಣ್ಣೆ ತೆಗೆದು ಹೊಸದು ಹಾಕಿದರೆ ತಾತನದು ಮೊಮ್ಮಗನಿಗೂ ಆಗುತ್ತದೆ.

ಬ್ಯಾಟರಿಯ ಕ್ವಾರ್ಟ್ಸ್ ಗಡಿಯಾರಗಳು ಬಂದವು, ಟೈಟನ್ ಬಂತು, ಎಚ್‌ಎಂಟಿ ಸೊರಗಿತು. ಎಚ್‌ಎಂಟಿ ವಾಚಸ್ ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿತು. ಡ್ರಾಯರಿನಲ್ಲಿ ಮರೆತುಹೋಗಿದ್ದ ಜನತಾ, ಪೈಲಟ್‌ಗಳಿಗೆ ಬೆಲೆ ಬಂದದ್ದೇ ಆಮೇಲೆ. ಬೆಲೆಯ ಹಿಂದೆಯೇ ಉಜ್ಜುವವರೂ ಬಂದರು. ಸುಟ್ಟ ಕಿತ್ತಳೆ, ಗಿಳಿಹಸಿರು, ನವಿಲುನೀಲಿ ಬಣ್ಣದ ಡಯಲ್‌ಗಳ 'ಹೊಸ' ಎಚ್‌ಎಂಟಿಗಳು ಆನ್‌ಲೈನಿನಲ್ಲಿ ಸಾಲುಸಾಲಾಗಿ ನಿಂತಿವೆ. ಹಳೆಯ ಡಯಲನ್ನು ಕೆರೆದು, ಬಣ್ಣ ಬಳಿದು, ಹೆಸರು ಮತ್ತೆ ಮುದ್ರಿಸಿದ ರೀಡಯಲ್‌ಗಳು ಇವು. ಒಂದರ ಯಂತ್ರ, ಇನ್ನೊಂದರ ಮುಳ್ಳು, ಮತ್ತೊಂದರ ಕೇಸು.

ಕಂಡುಹಿಡಿಯುವುದು ಕಷ್ಟವಲ್ಲ. ಮಸೂರದಡಿ ಡಯಲಿನ ಅಕ್ಷರ ನೋಡಿ. ಕಾರ್ಖಾನೆಯ ಮುದ್ರಣದಲ್ಲಿ 'ಪ್ಯಾರಾಶಾಕ್' ಎಂಬ ಸಣ್ಣಕ್ಷರದ ತುದಿಯೂ ಚೂಪಾಗಿರುತ್ತದೆ, ರೀಡಯಲ್‌ನಲ್ಲಿ ಮಸಿ ಹರಡಿ ದಪ್ಪಗಾಗಿರುತ್ತದೆ. ಗಂಟೆಯ ಕಡ್ಡಿಗಳು ನಿಮಿಷದ ಗೆರೆಗೆ ಸರಿಯಾಗಿ ಕೂತಿವೆಯೇ ನೋಡಿ. ನಲವತ್ತು ವರ್ಷ ದುಡಿದ ಡಯಲಿನಲ್ಲಿ ಒಂದೆರಡು ಚುಕ್ಕೆ, ಅಂಚಿನಲ್ಲಿ ಸ್ವಲ್ಪ ಹಳದಿ ಇರುವುದು ಸಹಜ. ನನಗಂತೂ ಅಂಥ ಚುಕ್ಕೆ ಬಿದ್ದ ಬಿಳಿ ಜನತಾದ ಮುಂದೆ ಹತ್ತು ಬಣ್ಣದ ರೀಡಯಲ್‌ಗಳೂ ಲೆಕ್ಕಕ್ಕಿಲ್ಲ. ಹಿಂಬದಿಯಲ್ಲಿ ಕೊರೆದ ಹೆಸರನ್ನು ಪಾಲಿಶ್ ಹಾಕಿ ಅಳಿಸಿಕೊಡುತ್ತೇವೆ ಎನ್ನುವವರಿಗೆ ಬೇಡ ಎಂದೇ ಹೇಳಿ. ಯಾವುದೋ ಊರಿನ ಮೇಷ್ಟ್ರಿಗೆ ಮಕ್ಕಳು ಚಂದಾ ಎತ್ತಿ ಕೊಡಿಸಿದ ಗಡಿಯಾರ ಎಂದು ಹೇಳಲು ಉಳಿದಿರುವುದು ಆ ಎರಡು ಸಾಲು ಮಾತ್ರ.

ಕಾನೂನಿನ ಮಾತೂ ಒಂದಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ದೇಶದ ಹೊರಗೆ ಒಯ್ಯುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ನೆನಪಿಗೆಂದು ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವವರು ಇದನ್ನು ತಿಳಿದಿರಬೇಕು. ಪಾಯ ತೋಡುವಾಗ, ಹೊಲ ಉಳುವಾಗ ಸಿಕ್ಕ ಕುಡಿಕೆಯನ್ನು ಮುಚ್ಚಿಡುವಂತಿಲ್ಲ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ತಿಳಿಸಿದರೆ ಊರಿನ ಹೆಸರು ಚರಿತ್ರೆಯಲ್ಲಿ ಸೇರುತ್ತದೆ.

ಈ ವಾರ ಒಂದು ಕೆಲಸ ಮಾಡಿ. ಮನೆಯ ಹಳೆಯ ಡಬ್ಬಿ, ಬೀರುವಿನ ಮೂಲೆ ತಡಕಿ. ಕಾಸೋ ಕೈಗಡಿಯಾರವೋ ಸಿಕ್ಕರೆ ತೊಳೆಯಬೇಡಿ, ಉಜ್ಜಬೇಡಿ, ಹತ್ತಿಯ ಬಟ್ಟೆಯಲ್ಲಿ ಬೇರೆಬೇರೆಯಾಗಿ ಸುತ್ತಿಡಿ. ಅದು ಯಾರದು, ಯಾವ ಊರಿನದು, ಯಾವಾಗ ಮನೆಗೆ ಬಂತು ಎಂದು ಮನೆಯ ಹಿರಿಯರನ್ನು ಇವತ್ತೇ ಕೇಳಿ, ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಅದರ ಜೊತೆಗೇ ಇಡಿ.