ಸರಾಸರಿ ಒಂದನ್ನೇ ಉಳಿಸಿಟ್ಟರೆ ಸಾಲದು

ಹನೂರು ತಾಲೂಕಿನ ಮಾರ್ಟಳ್ಳಿಯಲ್ಲಿ ಮಳೆ ಕೈಕೊಟ್ಟಿತು ಅಂದುಕೊಳ್ಳಿ. ಹೊಲದಲ್ಲಿ ನಿಂತ ರೈತನಿಗೆ ಅದು ಗೊತ್ತಾಗೋಕೆ ಕಂಪ್ಯೂಟರ್ ಬೇಕಿಲ್ಲ. ಸರ್ಕಾರಕ್ಕೆ ಬೇಕು. ಯಾಕಂದ್ರೆ ಬರ ಘೋಷಣೆ ಆಗೋದು ತಾಲೂಕಿನ ಲೆಕ್ಕದಲ್ಲಿ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತ ಅಂದರು. ಎಣಿಸಿದ್ದು ತಾಲೂಕುಗಳನ್ನ, ಊರುಗಳನ್ನಲ್ಲ.

ಹಾಗಾದ್ರೆ ಊರಿನ ಲೆಕ್ಕವೇ ಇಲ್ವಾ? ಇದೆ. ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಅಷ್ಟು ದೊಡ್ಡ ರಾಶಿಯನ್ನ ಪ್ರತಿ ಸಲ ಬಿಚ್ಚೋಕೆ ಆಗಲ್ಲ. ಅದಕ್ಕೇ ಸರಾಸರಿ ತೆಗೆದು ಇಟ್ಟುಕೊಳ್ಳುತ್ತಾರೆ. ನಾವು ದಿನಾ ಹೇಳೋ 'ವಾಡಿಕೆ ಮಳೆ' ಕೂಡ ಹಾಗೆ ಉಳಿಸಿಟ್ಟ ಸರಾಸರಿಯೇ. ದೇಶದ ಮುಂಗಾರಿಗೆ ಅದು ಮೊದಲು 88 ಸೆಂಟಿಮೀಟರ್ ಇತ್ತು, 1961ರಿಂದ 2010ರ ಲೆಕ್ಕ. ಈಗ 87, 1971ರಿಂದ 2020ರ ಲೆಕ್ಕ. ಯಾವ ಅವಧಿಯದ್ದು ಅಂತ ಬರೆದಿಡದಿದ್ರೆ ಎರಡೂ ಬರೀ ನಂಬರ್.

ಇಂಜಿನಿಯರಿಂಗ್ ಓದಿದವರಿಗೆ ಇದು ಹೊಸದಲ್ಲ. ಸ್ಟೇಟಾ ಅನ್ನೋ ಸಾಫ್ಟ್‌ವೇರ್‌ನಲ್ಲಿ 'ಸಮರೈಸ್' ಅಂತ ಕಮಾಂಡ್ ಕೊಟ್ಟರೆ ಸರಾಸರಿ, ಎಣಿಕೆ ಎಲ್ಲಾ ತಾತ್ಕಾಲಿಕವಾಗಿ ನೆನಪಲ್ಲಿರುತ್ತೆ. ಅಂಥದ್ದೇ ಮುಂದಿನ ಕಮಾಂಡ್ ಬಂತೋ, ಹಳೆಯದು ಹೋಯ್ತು. ಬೇಕಿದ್ರೆ ತಕ್ಷಣ ಒಂದು ಹೆಸರು ಕೊಟ್ಟು ಬೇರೆ ಇಟ್ಟುಕೊಳ್ಳಬೇಕು. ಆದರೆ ಅವಸರದಲ್ಲಿ ಎಲ್ಲರೂ ಉಳಿಸೋದು ಸರಾಸರಿ ಒಂದನ್ನೇ. ಎಡವೋದು ಇಲ್ಲೇ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಒಂದು ತಿಂಗಳು ಕೊಳ್ಳೇಗಾಲದ 2 ಮಾಪಕಗಳ ಸರಾಸರಿ 100 ಮಿಲಿಮೀಟರ್. ಹನೂರಿನ 8 ಮಾಪಕಗಳ ಸರಾಸರಿ 50. ವಾಡಿಕೆ ಎರಡೂ ಕಡೆ 75. ಎರಡು ಸರಾಸರಿಗಳ ಸರಾಸರಿ ತೆಗೆದರೆ 75. ಕೊರತೆಯೇ ಇಲ್ಲ! ಮಾಪಕಗಳ ಎಣಿಕೆ ಸೇರಿಸಿ ಸರಿಯಾಗಿ ಕೂಡಿದರೆ 60, ಅಂದರೆ ಶೇ. 20 ಕೊರತೆ. ಹನೂರನ್ನಷ್ಟೇ ನೋಡಿದರೆ ಶೇ. 33. ಹವಾಮಾನ ಇಲಾಖೆ ಶೇ. 19ರವರೆಗಿನ ಇಳಿಕೆಯನ್ನ ಸಾಮಾನ್ಯ ಅನ್ನುತ್ತೆ, 20 ಮುಟ್ಟಿದರೆ ಕೊರತೆ. ಮಳೆ ಒಂದೇ, ತೀರ್ಪು ಮೂರು.

ಇದೇನು ಬರೀ ಪುಸ್ತಕದ ಲೆಕ್ಕ ಅಂದುಕೊಳ್ಳಬೇಡಿ. ಹನೂರು ಮೊದಲು ಕೊಳ್ಳೇಗಾಲ ತಾಲೂಕಿನಲ್ಲೇ ಇತ್ತು. ಸರಾಸರಿ ಜೊತೆ ಎಣಿಕೆ ಇದ್ದರೆ ಎರಡು ತಾಲೂಕನ್ನ ಕೂಡಿಸಬಹುದು. ಆದರೆ ಕೂಡಿಸಿಟ್ಟಿದ್ದನ್ನ ಆಮೇಲೆ ಒಡೆಯೋಕೆ ಆಗಲ್ಲ. ನಕ್ಷೆ ಮೇಲೆ ಗೆರೆ ಎಳೆದ ಮಾತ್ರಕ್ಕೆ ಹಳೇ ಸರಾಸರಿ ಎರಡು ಭಾಗ ಆಗಲ್ಲ.

ಹಾಗಾಗಿ ಉಳಿಸುವಾಗ ಮಾಪಕವಾರು ಉಳಿಸಿ. ಸರಾಸರಿ ಜೊತೆಗೆ ಎಣಿಕೆ, ಅತಿ ಕಡಿಮೆ, ಅತಿ ಹೆಚ್ಚು, ಏರಿಳಿತದ ಅಳತೆ, ಅವಧಿ, ಊರಿನ ಹೆಸರು ಇರಲಿ. ಇಷ್ಟಕ್ಕೆ ಹಿಡಿಯೋದು ಒಂದೇ ಸಾಲು. ಆ ಒಂದು ಸಾಲು ಇಲ್ಲದಿದ್ರೆ ಮಾರ್ಟಳ್ಳಿಯ ಒಣಗಿದ ಬೆಳೆ, ಬೇರೆಲ್ಲೋ ಸುರಿದ ಮಳೆಯಲ್ಲಿ ಕೊಚ್ಚಿ ಹೋಗುತ್ತೆ.