ಕಾರಿನ ಲೆಕ್ಕವೂ ಕಾಯಕದ ಲೆಕ್ಕವೇ

ಅಟ್ಟದ ಮೇಲೆ ತಿಂಗಳುಗಟ್ಟಲೆ ಕಾದು ಪಕ್ವವಾದ ಕೊಬ್ಬರಿ ತಿಪಟೂರಿನ ಮಾರುಕಟ್ಟೆಯಲ್ಲಿ ಹಣವಾದೊಡನೆ ಮನೆಯಲ್ಲಿ ಕಾರಿನ ಮಾತು ಏಳುವುದು ಸಹಜ. ಬೆಂಗಳೂರಿನಲ್ಲಿ ಪೆಟ್ರೋಲು 2021ರ ಜೂನ್‌ನಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿತು. 2024ರ ಜೂನ್‌ನಲ್ಲಿ ರಾಜ್ಯದ ತೆರಿಗೆ ಹೆಚ್ಚಿ ಮತ್ತೆ ಸುಮಾರು 3 ರೂಪಾಯಿ ಏರಿತು. ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಡೆಯ ತರುಣರು ಈಗ ಹೈಬ್ರಿಡ್ ಕಾರಿನ ಗುಣವನ್ನು ಹಿರಿಯರ ಮುಂದೆ ವರ್ಣಿಸುವುದುಂಟು.

ಈ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುತ್ತದೆ. ಬ್ರೇಕು ಹಾಕಿದಾಗ ಪೋಲಾಗುವ ಶಕ್ತಿಯ ಒಂದಂಶ ಬ್ಯಾಟರಿಯನ್ನು ಸೇರಿ ಮತ್ತೆ ಚಕ್ರವನ್ನು ತಿರುಗಿಸುತ್ತದೆ. ಆದುದರಿಂದ ನಿಂತು ನಿಂತು ಸಾಗುವ ನಗರದಲ್ಲಿ ಉಳಿತಾಯ ಹೆಚ್ಚು. ಹೆದ್ದಾರಿಯ ಸಮವೇಗದಲ್ಲಿ ಕಡಿಮೆ.

ಒಂದು ಲೆಕ್ಕ ನೋಡೋಣ. ವರ್ಷಕ್ಕೆ 12,000 ಕಿ.ಮೀ. ಓಡಾಟ, ಲೀಟರಿಗೆ 15ರ ಬದಲು 20 ಕಿ.ಮೀ. ಎಂದುಕೊಂಡರೆ ಉಳಿಯುವುದು 200 ಲೀಟರು, ಸುಮಾರು 20,000 ರೂಪಾಯಿ. ಕಾರಿಗೆ 3 ಲಕ್ಷ ಹೆಚ್ಚು ತೆತ್ತಿದ್ದರೆ ಅದು ತೀರಲು 15 ವರ್ಷ! ಇಂದು ನೆಟ್ಟ ತೆಂಗಿನ ಸಸಿ ಅಷ್ಟರಲ್ಲಿ ಎಷ್ಟೋ ಫಸಲು ಕೊಟ್ಟಿರುತ್ತದೆ.

ನಗರದಲ್ಲಿ ನಿತ್ಯ ಓಡಾಡುವವರಿಗೆ ಅದು ಒಪ್ಪೀತು. ತೋಟ, ಸಂತೆ, ಮಠಗಳ ನಡುವೆ ತಿರುಗುವವರು ಸಾಲ ಮಾಡುವ ಮುನ್ನ ತಮ್ಮ ಓಡಾಟವನ್ನು ಒಂದು ವರ್ಷ ಬರೆದಿಡಲಿ. ಕಾಯಕದ ಹಣ ದಾಸೋಹಕ್ಕೂ ಸಲ್ಲಬೇಕೆಂಬುದು ಶರಣರ ಮಾರ್ಗ. ನೆರೆಮನೆಯ ಅಂಗಳ ನೋಡಿ ಕೊಂಡ ಕಾರಿಗೆ ಆ ಮಾರ್ಗ ತಿಳಿಯದು.